ಎಲೆ ನೀಲಿ ಆಗಿದ್ದು ಹೇಗೆ? ಬಟ್ಟೆ ತಿರುಗಿಸಿ ನೋಡಿ

ಹಳೇ ಟ್ಯಾಪೆಸ್ಟ್ರಿಗಳ, ಅಂದ್ರೆ ಗೋಡೆಗೆ ತೂಗುಹಾಕೋ ಚಿತ್ರ ನೇಯ್ದ ಬಟ್ಟೆಗಳ ಮುಂದೆ ನಿಂತೋರು ಕೇಳೋ ಪ್ರಶ್ನೆಗಳಲ್ಲಿ ನಂಗೆ ತುಂಬಾ ಇಷ್ಟವಾದ್ದು ಒಂದಿದೆ, "ಆ ಕಾಲದೋರು ಗಿಡದ ಎಲೆನ ಯಾಕೆ ನೀಲಿ ಬಣ್ಣದಲ್ಲಿ ನೇಯ್ತಿದ್ರು?" ಅಂತ. ಕೆಲವ್ರು ಉತ್ತರಾನೂ ಅವರೇ ಕೊಟ್ಕೋತಾರೆ, ಯಾವ್ದೋ ಸ್ವಪ್ನಲೋಕ ಇರ್ಬೇಕು, ಇಲ್ಲಾ ಏನೋ ಗುಪ್ತ ಸಂಕೇತ ಇರ್ಬೇಕು ಅಂತ. ಅಂಥದ್ದೇನೂ ಇಲ್ಲ ಸ್ವಾಮಿ, ನೇಯ್ದೋನು ಹಸಿರೇ ನೇಯ್ದಿದ್ದ.

ಯುರೋಪಿನ ಹಳೇ ಬಣ್ಣಗಾರರ ಹತ್ರ ಒಂದೇ ಅದ್ದಿಗೆ ಒಳ್ಳೇ ಗಟ್ಟಿ ಹಸಿರು ಕೊಡೋ ಗಿಡ ಇರ್ಲಿಲ್ಲ, ಹಾಗಾಗಿ ಉಣ್ಣೆ ನೂಲನ್ನ ವೋಡ್ ಅನ್ನೋ ಗಿಡದ ನೀಲಿಯಲ್ಲಿ ಒಂದ್ಸಲ, ವೆಲ್ಡ್ ಅನ್ನೋ ಗಿಡದ ಹಳದಿಯಲ್ಲಿ ಇನ್ನೊಂದ್ಸಲ ಅದ್ದಿ ಹಸಿರು ಮಾಡ್ಕೋತಿದ್ರು. ವೋಡ್‌ನಲ್ಲಿ ಇರೋದು ಇಂಡಿಗೊನೇ, ಅದು ಬೆಳಕಿಗೆ ಅಷ್ಟು ಸುಲಭಕ್ಕೆ ಜಗ್ಗಲ್ಲ. ಹಳದಿ ಮಾತ್ರ ಬಡಪಾಯಿ, ಕಿಟಕಿಯಿಂದ ಬರೋ ಬಿಸಿಲಿಗೆ ವರ್ಷದಿಂದ ವರ್ಷಕ್ಕೆ ಸವೀತಾ ಸವೀತಾ ಒಂದಿನ ಪೂರ್ತಿ ಹೊರಟೇ ಹೋಗತ್ತೆ, ಉಳಿಯೋದು ಕೆಳಗಿನ ನೀಲಿ. ಅದನ್ನೇ ನಾವು ಕಲಾವಿದನ ಕಲ್ಪನೆ ಅಂತ ಕೈ ಕಟ್ಟಿ ನಿಂತು ನೋಡ್ತೀವಿ.

ನಾನು ಟೆಕ್ಸ್‌ಟೈಲ್ ಕನ್ಸರ್ವೇಟರ್, ಅಂದ್ರೆ ಹಳೇ ಬಟ್ಟೆಗಳು ಇನ್ನಷ್ಟು ಹಾಳಾಗದ ಹಾಗೆ ನೋಡ್ಕೊಳೋ ಕೆಲಸ. ಈ ಕೆಲಸದಲ್ಲಿ ಕಲಿತ ಮೊದಲ ಪಾಠ ಏನಪ್ಪಾ ಅಂದ್ರೆ ಬಟ್ಟೆಯ ಮುಖ ನೋಡಿ ಏನೂ ಹೇಳ್ಬಾರ್ದು, ಮೊದ್ಲು ತಿರುಗಿಸಿ ಹಿಂಬದಿ ನೋಡ್ಬೇಕು. ಟ್ಯಾಪೆಸ್ಟ್ರಿಗೆ ಹಿಂದೆ ಲೈನಿಂಗ್ ಬಟ್ಟೆ ಹೊಲಿದಿರ್ತಾರೆ, ಅದನ್ನ ಬಿಚ್ಚಿದ ಕ್ಷಣ ಇದೆಯಲ್ಲ, ನೂರಾರು ವರ್ಷ ಕತ್ತಲಲ್ಲೇ ಇದ್ದ ಕೆಂಪು, ಹಳದಿ, ಹಸಿರು ಎಲ್ಲಾ ಒಟ್ಟಿಗೆ ಮುಖಕ್ಕೆ ರಾಚತ್ತೆ. ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಮ್ಯೂಸಿಯಂಗೆ ಸೇರಿದ ಕ್ಲಾಯ್‌ಸ್ಟರ್ಸ್‌ನಲ್ಲಿ ಯೂನಿಕಾರ್ನ್ ಟ್ಯಾಪೆಸ್ಟ್ರಿಗಳು ಅಂತ ಏಳು ಇವೆ, ಸುಮಾರು 1495ರಿಂದ 1505ರ ನಡುವೆ ನೇಯ್ದದ್ದು. ಅದರ ಬಣ್ಣಗಳೆಲ್ಲಾ ಹೆಚ್ಚುಕಮ್ಮಿ ಮೂರೇ ಗಿಡದಿಂದ ಬಂದಿದ್ದು, ಮೇಲೆ ಹೇಳಿದ ವೋಡ್, ವೆಲ್ಡ್, ಆಮೇಲೆ ಕೆಂಪಿಗೆ ಮ್ಯಾಡರ್ ಬೇರು, ನಮ್ಮ ಮಂಜಿಷ್ಠದ ಹತ್ತಿರದ ನೆಂಟ. ಮೂರು ಗಿಡದಲ್ಲಿ ಒಂದಿಡೀ ಕಾಡು, ಬೇಟೆ, ನಾಯಿಗಳು, ರೇಷ್ಮೆ ಅಂಗಿಗಳ ಮಿಂಚು! ಫ್ರೆಂಚ್ ಕ್ರಾಂತಿ ಕಾಲದಲ್ಲಿ ಲೂಟಿಯಾಗಿ ಇವು ಯಾವ್ದೋ ಕೊಟ್ಟಿಗೆ ಸೇರಿ ತರಕಾರಿಗೆ ಚಳಿ ಹೊಡೀಬಾರ್ದು ಅಂತ ಹೊದಿಸೋ ಹೊದಿಕೆ ಆಗಿದ್ವು ಅನ್ನೋದು ಬೇರೆ ಕತೆ. 1998ರಲ್ಲಿ ಇವನ್ನ ಗೋಡೆಯಿಂದ ಇಳಿಸಿ ಲೈನಿಂಗ್ ತೆಗೆದು ತೊಳೆದ್ರು, ಹಿಂದು ಮುಂದು ಎರಡೂ ಕಡೆ ಚಿಕ್ಕ ಚಿಕ್ಕ ತುಂಡಾಗಿ ಫೋಟೊ ತೆಗೆದ್ರು. ಆಮೇಲೆ ಆ ಫೋಟೊಗಳನ್ನ ಕಂಪ್ಯೂಟರ್‌ನಲ್ಲಿ ಜೋಡಿಸೋಕೆ ಹೋದ್ರೆ ಒಂದಕ್ಕೊಂದು ಕೂಡ್ಲೇ ಇಲ್ಲ. ಕೊನೆಗೆ ಚಡ್ನೋವ್‌ಸ್ಕಿ ಅಂತ ಇಬ್ರು ಗಣಿತಜ್ಞ ಅಣ್ಣತಮ್ಮಂದಿರು ಕೂತು ಲೆಕ್ಕ ಹಾಕಿದಾಗ ಗೊತ್ತಾಗಿದ್ದು, ಒಂದು ಫೋಟೊಗೂ ಇನ್ನೊಂದಕ್ಕೂ ನಡುವೆ ಬಟ್ಟೆ ಅಲ್ಲಾಡಿದೆ, ನೂಲು ಹಿಗ್ಗಿ ಕುಗ್ಗಿ ಜಾಗ ಬದಲಾಯಿಸಿದೆ ಅಂತ. ನಮ್ಮಂಥೋರಿಗೆ ಇದೇನು ಹೊಸದಲ್ಲ, ಗಾಳೀಲಿ ತೇವ ಹೆಚ್ಚುಕಮ್ಮಿ ಆದ್ರೆ ಉಣ್ಣೆ ಸುಮ್ನೆ ಮಲಗಿರಲ್ಲ.

ಇಲ್ಲೊಂದು ಮಾತು ಹೇಳ್ಬೇಕು, ಟ್ಯಾಪೆಸ್ಟ್ರಿ ಅಂದ್ರೆ ಬಟ್ಟೆ ಮೇಲೆ ಬಿಡಿಸಿದ ಚಿತ್ರ ಅಲ್ಲ, ಚಿತ್ರಾನೇ ಬಟ್ಟೆ. ಹೊಕ್ಕಿನ ನೂಲು, ಅಂದ್ರೆ ಅಡ್ಡ ಎಳೆ, ಈ ಅಂಚಿಂದ ಆ ಅಂಚಿಗೆ ಹೋಗಲ್ಲ, ಕೆಂಪು ಎಲ್ಲಿವರ್ಗೆ ಬೇಕೋ ಅಲ್ಲಿವರ್ಗೆ ಹೋಗಿ ವಾಪಸ್ ಬರತ್ತೆ, ಪಕ್ಕದಲ್ಲಿ ನೀಲಿ ಶುರುವಾಗತ್ತೆ, ಹಾಸು, ಅಂದ್ರೆ ಉದ್ದ ಎಳೆ, ಎಲ್ಲೂ ಕಾಣದ ಹಾಗೆ ಮುಚ್ಚಿಹೋಗತ್ತೆ. ಅದೂ ಅಲ್ದೆ ನೇಕಾರ ಕೂತು ನೇಯೋದು ಹಿಂಬದಿಯಿಂದ. ಮುಂದಿನ ಮುಖ ಅವನಿಗೆ ಕೆಲಸ ನಡೀವಾಗ ಸರಿಯಾಗಿ ಕಾಣೋದೂ ಇಲ್ಲ. ಅದಕ್ಕೇ 1515ರಲ್ಲಿ ಪೋಪ್ 10ನೇ ಲಿಯೊ ವ್ಯಾಟಿಕನ್‌ನ ಸಿಸ್ಟೀನ್ ಚಾಪೆಲ್‌ಗೆ ಟ್ಯಾಪೆಸ್ಟ್ರಿ ಬೇಕು ಅಂತ ಚಿತ್ರಕಾರ ರಾಫೆಲ್‌ಗೆ ಕೆಲಸ ವಹಿಸಿದಾಗ ರಾಫೆಲ್ ಚಿತ್ರಗಳನ್ನ ಕನ್ನಡೀಲಿ ಕಾಣೋ ಹಾಗೆ ಎಡಬಲ ಉಲ್ಟಾ ಮಾಡಿ ಬಿಡಿಸಿಕೊಟ್ಟ, ಬ್ರಸೆಲ್ಸ್‌ನ ಪೀಟರ್ ವಾನ್ ಆಲ್ಸ್ಟ್‌ನ ಕಾರ್ಯಾಗಾರದಲ್ಲಿ ಅದನ್ನ ಪಟ್ಟಿ ಪಟ್ಟಿಯಾಗಿ ಕತ್ತರಿಸಿ ಹಾಸಿನ ಕೆಳಗಿಟ್ಕೊಂಡು ನೇಯ್ದ್ರು. ಮೊದಲ ಏಳು 1519ರ ಡಿಸೆಂಬರ್‌ನಲ್ಲಿ ಚಾಪೆಲ್‌ನಲ್ಲಿ ತೂಗುಹಾಕಿದ್ರು. ಅದೇ ಚಾಪೆಲ್‌ನ ಛಾವಣಿ ಚಿತ್ರಗಳಿಗೆ ಮೈಕೆಲೆಂಜೆಲೊಗೆ ಸಿಕ್ಕಿದ ದುಡ್ಡಿಗಿಂತ ಈ ಬಟ್ಟೆಗಳಿಗೆ ಆದ ಖರ್ಚು ಹಲವು ಪಟ್ಟು ಜಾಸ್ತಿ. ಇವತ್ತು ಅಲ್ಲಿಗೆ ಹೋದೋರು ಕತ್ತೆತ್ತಿ ಛಾವಣಿ ನೋಡ್ತಾರೆ, ಅಲ್ಲಿ ಗೋಡೆ ಮೇಲೆ ಬಟ್ಟೆ ಇತ್ತು ಅನ್ನೋದು ಯಾರಿಗೂ ನೆನಪಿಗೆ ಬರಲ್ಲ.

ಚಿತ್ರಕಲೆ ದೊಡ್ಡದು, ಬಟ್ಟೆ ಚಿಕ್ಕದು, ಅದು ಬರೀ ಕೈಕಸುಬು ಅನ್ನೋ ಮಾತು ಆಮೇಲೆ ಬಂದಿದ್ದು, ಅದಕ್ಕೆ ಅರ್ಧ ಕಾರಣ ಬಟ್ಟೆ ಬಣ್ಣ ಕಳ್ಕೊಂಡಿದ್ದು ಅಂತ ನನ್ನ ಅನುಮಾನ. ಇನ್ನರ್ಧ, ಬಟ್ಟೆನ ಕರಗಿಸಿ ದುಡ್ಡು ಮಾಡ್ಬಹುದು. ಬೆಳ್ಳಿ ಬಂಗಾರದ ಜರಿ ಇದ್ದ ಟ್ಯಾಪೆಸ್ಟ್ರಿಗಳನ್ನ 1790ರ ದಶಕದಲ್ಲಿ ಫ್ರಾನ್ಸ್ ಸರ್ಕಾರವೇ ರಾಶಿ ಹಾಕಿ ಸುಟ್ಟು ಲೋಹ ತೆಗೆಸ್ತು. ಸಹಿ ಇಲ್ಲ, ಮಾಡಿದೋರ ಹೆಸರಿಲ್ಲ ಅನ್ನೋದನ್ನೂ ಹೇಳ್ತಾರೆ, ಆದ್ರೆ ಹುಡುಕಿದ್ರೆ ಸಿಗತ್ತೆ, 1528ರಿಂದ ಬ್ರಸೆಲ್ಸ್ ಟ್ಯಾಪೆಸ್ಟ್ರಿಗಳ ಅಂಚಿನಲ್ಲಿ ಎರಡು 'ಬಿ' ಅಕ್ಷರ ನಡುವೆ ಒಂದು ಕೆಂಪು ಗುರಾಣಿ ನೇಯ್ಲೇಬೇಕಿತ್ತು, ಅದು ಆ ಊರಿನ ಮುದ್ರೆ.

ಅಂದ ಹಾಗೆ ಬಾಯೂ ಟ್ಯಾಪೆಸ್ಟ್ರಿ ಅಂತ ಎಲ್ಲರೂ ಕರೆಯೋದು ಟ್ಯಾಪೆಸ್ಟ್ರಿನೇ ಅಲ್ಲ, ಲಿನನ್ ಬಟ್ಟೆ ಮೇಲೆ ಉಣ್ಣೆ ನೂಲಿನ ಕಸೂತಿ, ಹತ್ರ ಹತ್ರ 70 ಮೀಟರ್ ಉದ್ದ, ನಾರ್ಮನ್ನರು ಇಂಗ್ಲೆಂಡ್ ಗೆದ್ದ 1066ರ ಯುದ್ಧದ ಕತೆ. ಅದನ್ನ ತಿರುಗಿಸಿದ್ರೆ ಹೊಲಿದೋರ ಜಾಣತನ ಗೊತ್ತಾಗತ್ತೆ, ದೊಡ್ಡ ದೊಡ್ಡ ಜಾಗ ತುಂಬೋವಾಗ ನೂಲನ್ನ ಮೇಲ್ಗಡೆನೇ ಒತ್ತಾಗಿ ಮಲಗಿಸಿ ಅಡ್ಡ ಎಳೆ ಹಾಕಿ ಅಲ್ಲಲ್ಲಿ ಟಾಕಿ ಹಾಕಿದ್ದಾರೆ, ಹಿಂದಕ್ಕೆ ನೂಲು ಹೋಗೋದೇ ಕಮ್ಮಿ. ಉಳಿತಾಯ ಅಂದ್ರೆ ಇದು.

ಬೆಳಕು ಒಂದೇ ಶತ್ರು ಅಲ್ಲ. ಕಪ್ಪು, ಕಡುಕಂದು ಬಣ್ಣಕ್ಕೆ ಕಬ್ಬಿಣದ ಉಪ್ಪು, ಒಗರು ತೊಗಟೆ ಎರಡೂ ಸೇರಿಸ್ತಿದ್ರು, ಆ ಕಬ್ಬಿಣ ಒಳಗಿಂದಾನೇ ಉಣ್ಣೆನ ತಿನ್ನತ್ತೆ, ಹಾಗಾಗಿ ಟ್ಯಾಪೆಸ್ಟ್ರೀಲಿ ಮೊದ್ಲು ಉದುರೋದು ಮೂಗು, ಕಣ್ಣು, ಬೆರಳುಗಳ ಹೊರಗೆರೆ. ಮುಖ ಇರತ್ತೆ, ಮುಖದ ಗೆರೆ ಇರಲ್ಲ.

ಆದ್ರೆ ನಂಗೆ ನಿದ್ದೆ ಕೆಡಿಸಿರೋದು ರೇಷ್ಮೆ. ಕೆಲಸಕ್ಕೆ ಸೇರಿದ ಹೊಸದ್ರಲ್ಲಿ 1900ರ ಆಸುಪಾಸಿನ ಒಂದು ಗೌನ್‌ನ ಪೆಟ್ಟಿಗೆಯಿಂದ ಎತ್ತಿದೆ, ಎರಡೂ ಕೈ ಕೊಟ್ಟು ನಿಧಾನಕ್ಕೇ ಎತ್ತಿದ್ದು, ಹಪ್ಪಳ ಮುರಿದ ಹಾಗೆ ಸದ್ದಾಯ್ತು ಅಷ್ಟೇ, ಸ್ಕರ್ಟ್ ಮಡಿಕೆ ಉದ್ದಕ್ಕೂ ಸೀಳಿಹೋಯ್ತು. ಅದಕ್ಕಿಂತ ನೂರೈವತ್ತು ವರ್ಷ ಹಳೇ ರೇಷ್ಮೆ ಪಕ್ಕದ ಪೆಟ್ಟಿಗೇಲೇ ಮೆತ್ತಗೆ ಆರಾಮಾಗಿ ಮಲಗಿತ್ತು! ಅವತ್ತು ತಪ್ಪು ನಂದೇ ಅಂತ ಅತ್ತಿದ್ದೆ. ಕಾರಣ ಆಮೇಲೆ ಗೊತ್ತಾಯ್ತು. ಗೂಡಿನಿಂದ ಬಿಚ್ಚಿದ ರೇಷ್ಮೆ ಎಳೆ ಮೇಲೆ ಅಂಟು ಇರತ್ತೆ, ಕುದಿಸಿ ಅದನ್ನ ತೆಗೆದ್ರೆ ಕಾಲು ಭಾಗದ ಹತ್ರ ತೂಕ ಕಮ್ಮಿ ಆಗತ್ತೆ. ರೇಷ್ಮೆ ಮಾರೋದು ತೂಕದ ಲೆಕ್ಕದಲ್ಲಿ, ಕಳ್ಕೊಂಡ ತೂಕಾನ ವಾಪಸ್ ತುಂಬ್ಸೋಕೆ ತವರದ ಉಪ್ಪಿನ ನೀರಲ್ಲಿ ಅದ್ದೋಕೆ ಶುರು ಮಾಡಿದ್ರು, ಬಟ್ಟೆ ಭಾರವಾಗಿ ಜೋಲತ್ತೆ, ನಡೆದ್ರೆ ಸರಸರ ಅನ್ನತ್ತೆ, ಕೊಳ್ಳೋರಿಗೂ ಖುಷಿ, ಮಾರೋರಿಗೂ ಖುಷಿ, ಅಷ್ಟಕ್ಕೇ ನಿಲ್ಲದೆ ಕಳೆದಿದ್ದಕ್ಕಿಂತ ಜಾಸ್ತೀನೇ ತುಂಬಿದೋರೂ ಇದ್ರು. ಎಳೆಯೊಳಗೆ ಕೂತ ಆ ಲೋಹ ನಿಧಾನಕ್ಕೆ ರೇಷ್ಮೆನ ಒಣಕಲು ಮಾಡತ್ತೆ. ಇದಕ್ಕೆ ಔಷಧಿ ಇಲ್ಲ, ಹಿಂದೆ ತೆಳ್ಳನೆ ಬಟ್ಟೆ ಆಸರೆ ಕೊಟ್ಟು ಕತ್ತಲಲ್ಲಿ ಮಲಗಿಸೋದಷ್ಟೇ. ಮ್ಯೂಸಿಯಂನಲ್ಲಿ ಬಟ್ಟೆ ಇರೋ ಕೋಣೆ ಯಾಕಿಷ್ಟು ಮಬ್ಬು ಅಂತ ಬೈಕೋಬೇಡಿ, ಬೆಳಕು 50 ಲಕ್ಸ್ (ಬೆಳಕು ಅಳೆಯೋ ಮಾನ) ದಾಟಬಾರ್ದು ಅನ್ನೋದು ನಮ್ಮ ಲೆಕ್ಕ, ಯಾಕಂದ್ರೆ ಹೋದ ಬಣ್ಣ ವಾಪಸ್ ಬರಲ್ಲ.

ಉಡುಪುಗಳ ವಿಷಯದಲ್ಲಿ ಹಿಂಬದಿ ಅಂದ್ರೆ ಒಳಗಡೆ. ಹೊರಗೆ ಲೇಸು, ಮಣಿ, ರಿಬ್ಬನ್ ಎಲ್ಲಾ ಇರತ್ತೆ, ಒಳಗೆ ತಿರುಗಿಸಿದ್ರೆ ಸೊಂಟ ಬಿಚ್ಚಿ ಅಗಲ ಮಾಡಿದ ಗುರುತು, ಬೆವರಿನ ಕಲೆ, ಮಗಳಿಗೆ ಅಂತ ಮತ್ತೆ ಕತ್ತರಿಸಿ ಹೊಲಿದ ತೋಳು. ಹೊಲಿದೋನ ಹೆಸರೂ ಅಲ್ಲೇ. 1858ರಲ್ಲಿ ಪ್ಯಾರಿಸ್‌ನಲ್ಲಿ ಅಂಗಡಿ ತೆಗೆದ ಇಂಗ್ಲಿಷ್‌ನವ ಚಾರ್ಲ್ಸ್ ಫ್ರೆಡ್ರಿಕ್ ವರ್ತ್ ತನ್ನ ಹೆಸರನ್ನ ಗೌನ್ ಒಳಗಿನ ಸೊಂಟದ ಪಟ್ಟಿ ಮೇಲೆ ಹಾಕ್ತಿದ್ದ, ಚಿತ್ರಕಾರ ಸಹಿ ಹಾಕೋ ಹಾಗೆ. ಆಮೇಲಿನ ಕಾಲದ ಪ್ಯಾರಿಸ್ ಡಿಸೈನರ್ ಮಾಡ್ಲೀನ್ ವಿಯೊನೆ ಅಂತೂ ಕಾಪಿ ಹೊಡೆಯೋರ ಕಾಟ ತಡೀಲಾರದೆ ಲೇಬಲ್ ಮೇಲೆ ಹೆಬ್ಬೆಟ್ಟೇ ಒತ್ತಿದ್ಲು. ಅವಳ ಕೆಲಸ ನಂಗೆ ಇನ್ನೂ ಬೆರಗು, ಕಾಗದದ ಮೇಲೆ ಬಿಡಿಸದೆ ಚಿಕ್ಕ ಮರದ ಗೊಂಬೆಗೆ ಬಟ್ಟೆ ಸುತ್ತಿ ಸುತ್ತಿ ನೋಡಿ, ನೇಯ್ಗೆಗೆ ಓರೆಯಾಗಿ ಕತ್ತರಿಸ್ತಿದ್ಲು, ಓರೆ ಕತ್ತರಿಸಿದ ಬಟ್ಟೆ ರಬ್ಬರಿನ ಹಾಗೆ ಹಿಗ್ಗಿ ಮೈಗೆ ಕೂರತ್ತೆ. ಅದನ್ನ ಮೇಜಿನ ಮೇಲೆ ಹರಡಿದ್ರೆ ಇದ್ಯಾವ ಆಕಾರ ಅಂತಾನೇ ಅರ್ಥ ಆಗಲ್ಲ. ಹ್ಯಾಂಗರ್‌ಗೆ ಮಾತ್ರ ದಯವಿಟ್ಟು ಹಾಕ್ಬೇಡಿ, ಅದರದ್ದೇ ಭಾರಕ್ಕೆ ಜೋತು ಉದ್ದ ಆಗಿಬಿಡತ್ತೆ.

ಒಳಗು ಹೊರಗು ಅಂದಾಗೆಲ್ಲ ನಂಗೆ ನೆನಪಾಗೋದು ಲಂಡನ್ನಿನ ಪೆಟ್ರಿ ಮ್ಯೂಸಿಯಂನ ಒಂದು ಲಿನನ್ ಅಂಗಿ. 1913ರಲ್ಲಿ ಈಜಿಪ್ಟಿನ ತರ್ಖಾನ್ ಅನ್ನೋ ಕಡೆ ಸಮಾಧಿ ಅಗೆದಾಗ ಒಂದು ರಾಶಿ ಕೊಳಕು ಬಟ್ಟೆ ಸಿಕ್ತು, ಯಾರೂ ತಲೆ ಕೆಡಿಸ್ಕೊಳ್ಳಲಿಲ್ಲ. 1977ರಲ್ಲಿ ಆ ಗಂಟನ್ನ ಶುಚಿ ಮಾಡೋಕೆ ಅಂತ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನ ಕನ್ಸರ್ವೇಟರ್‌ಗಳ ಹತ್ರ ಕೊಟ್ಟಾಗ ಅದರೊಳಗಿಂದ ಸಣ್ಣ ಸಣ್ಣ ನೆರಿಗೆ ಹಿಡಿದ ತೋಳಿನ ಅಂಗಿ ಬಂತು. ಕಾರ್ಬನ್ ಪರೀಕ್ಷೆ ಪ್ರಕಾರ ಕ್ರಿಸ್ತಪೂರ್ವ 3482ರಿಂದ 3102ರ ನಡುವಿನದ್ದು, ನೇಯ್ದ ಉಡುಪುಗಳಲ್ಲಿ ಸಿಕ್ಕಿರೋದ್ರಲ್ಲಿ ಎಲ್ಲಕ್ಕಿಂತ ಹಳೇದು. ಮೊಣಕೈ ಹತ್ರ, ಕಂಕುಳ ಹತ್ರ ಸುಕ್ಕು ಹಾಗೇ ಇತ್ತು, ಅಂದ್ರೆ ಸತ್ತೋರಿಗೆ ಅಂತ ಹೊಲಿದದ್ದಲ್ಲ, ಯಾರೋ ಉಟ್ಟು ಓಡಾಡಿದ್ದು. ಸಿಕ್ಕಾಗ ಅದು ಒಳಗಿನ ಮಗ್ಗಲು ಹೊರಗಾಗಿ ತಿರುಗಿತ್ತು, ಅವಸರದಲ್ಲಿ ತಲೆ ಮೇಲಿಂದ ಎಳೆದು ಬಿಚ್ಚಿ ಬಿಸಾಕ್ತೀವಲ್ಲ, ಥೇಟ್ ಹಾಗೆ.