'ಹೋಂವರ್ಕ್' ಮತ್ತು ಅದರ ಮೇಷ್ಟರುಗಳು

ಡಾಫ್ಟ್ ಪಂಕ್ ಎಂಬ ಜೋಡಿಯ 'ಹೋಂವರ್ಕ್' ಆಲ್ಬಮ್ಮಿನ ಒಂಬತ್ತನೆಯ ಹಾಡಿನಲ್ಲಿ ಹಾಡೇ ಇಲ್ಲ. ಹಾಜರಿ ಪುಸ್ತಕ ಓದುವವರಂತೆ ಒಂದು ದನಿ ಹೆಸರುಗಳನ್ನು ಕೂಗುತ್ತ ಹೋಗುತ್ತದೆ: ಪಾಲ್ ಜಾನ್ಸನ್, ಡಿಜೆ ಫಂಕ್, ಡಿಜೆ ಸ್ನೀಕ್, ಡಿಜೆ ರಶ್... ದನಿ ಒಮ್ಮೆ ಕೀರಲು, ಒಮ್ಮೆ ಗಡಸು. ಹಿಂದೆ ಡ್ರಮ್ ಮಷೀನಿನ ಏಟು, ಬೇಸ್‌ನ ಒಂದು ತುಣುಕು, ಅಷ್ಟೇ. ಮೂರು ನಿಮಿಷ ತುಂಬುವುದರೊಳಗೆ ನಲವತ್ತಕ್ಕೂ ಹೆಚ್ಚು ಹೆಸರು ಕೂಗಿ ಮುಗಿದಿರುತ್ತದೆ. ಇದರ ಹೆಸರು 'ಟೀಚರ್ಸ್'. ನಮ್ಮ ಹಿಂದೂಸ್ತಾನಿ ಗಾಯಕರು ಗುರುವಿನ ಹೆಸರೆತ್ತುವಾಗ ಕಿವಿ ಮುಟ್ಟಿಕೊಳ್ಳುತ್ತಾರಲ್ಲ, ಪ್ಯಾರಿಸ್ಸಿನ ಇಬ್ಬರು ಹುಡುಗರು ಕಿವಿ ಮುಟ್ಟಿಕೊಂಡ ಬಗೆ ಇದು. ಹೆಸರು ಕೂಗುವ ಧಾಟಿಯೂ ಅವರ ಸ್ವಂತದ್ದಲ್ಲ. ಶಿಕಾಗೋದ ಪ್ಯಾರಿಸ್ ಮಿಚೆಲ್ ಎಂಬಾತನ ಒಂದು ಹಾಡಿನಿಂದ ಎತ್ತಿದ್ದು. ಆತನ ಹೆಸರೂ ಪಟ್ಟಿಯಲ್ಲಿದೆ.

ಡಾಫ್ಟ್ ಪಂಕ್ ಜೋಡಿಯ ಮೊದಲ ಸ್ಟುಡಿಯೋ ಆಲ್ಬಮ್ 'ಹೋಂವರ್ಕ್' 1997ರ ಜನವರಿ 20ರಂದು ಹೊರಬಂತು. ಹದಿನಾರು ಹಾಡು, ಸುಮಾರು 74 ನಿಮಿಷ. ತೋಮಾ ಬಾಂಗಾಲ್ತೆರ್‌ಗೆ ಆಗಷ್ಟೇ 22 ತುಂಬಿತ್ತು. ಗೀ-ಮಾನ್ಯುಯೆಲ್ ದೆ ಓಮೆಮ್-ಕ್ರಿಸ್ತೊಗೆ ಇನ್ನೂ 23 ಆಗಿರಲಿಲ್ಲ. ಫ್ರೆಂಚ್ ಹೌಸ್ ಎಂಬ ಕ್ಲಬ್ ಕುಣಿತದ ಸಂಗೀತ ಇಲ್ಲಿಂದಲೇ ಹುಟ್ಟಿತು ಎಂಬಂತೆ ಈ ಆಲ್ಬಮ್ಮಿನ ಕಥೆ ಹೇಳುವವರು ಬಹಳ. ನನಗೆ ಮಾತ್ರ ಇದು ಸಾಲದ ಲೆಕ್ಕವನ್ನು ಮುಚ್ಚಿಡದೆ ಬರೆದಿಟ್ಟ ಒಂದು ಪುಸ್ತಕದಂತೆ ಕಾಣುತ್ತದೆ. ಹಾಗಾಗಿ ಕಥೆಯನ್ನು ಪ್ಯಾರಿಸ್ಸಿನಿಂದ ಶುರು ಮಾಡುವುದು ಸರಿಯಲ್ಲ.

1979ರ ಜುಲೈ 12ರ ರಾತ್ರಿ, ಶಿಕಾಗೋದ ಕೊಮಿಸ್ಕಿ ಪಾರ್ಕ್ ಬೇಸ್‌ಬಾಲ್ ಮೈದಾನ. ಎರಡು ಪಂದ್ಯಗಳ ನಡುವಿನ ಬಿಡುವಿನಲ್ಲಿ ಡಿಸ್ಕೋ ರೆಕಾರ್ಡುಗಳನ್ನು ಒಂದೆಡೆ ರಾಶಿ ಹಾಕಿ ಸಿಡಿಸಿದರು. ಜನ ಮೈದಾನಕ್ಕೆ ನುಗ್ಗಿದರು, ಎರಡನೆಯ ಪಂದ್ಯ ನಡೆಯಲೇ ಇಲ್ಲ. ರೇಡಿಯೋ ಮತ್ತು ಕಂಪನಿಗಳು ಡಿಸ್ಕೋಗೆ ಬೆನ್ನು ತಿರುಗಿಸಿದವು. ಆದರೆ ಅದೇ ಊರಿನ ವೇರ್‌ಹೌಸ್ ಎಂಬ ಕ್ಲಬ್ಬಿನಲ್ಲಿ ಫ್ರ್ಯಾಂಕಿ ನಕಲ್ಸ್ ಎಂಬ ಡಿಜೆ ಆ ರೆಕಾರ್ಡುಗಳನ್ನು ನುಡಿಸುತ್ತಲೇ ಇದ್ದ. ಅಲ್ಲಿ ಕುಣಿಯುತ್ತಿದ್ದವರಲ್ಲಿ ಹೆಚ್ಚಿನವರು ಕಪ್ಪು ಜನಾಂಗದ ಸಲಿಂಗಿಗಳು, ಅವರಿಗೆ ಬೇರೆ ಜಾಗವೂ ಇರಲಿಲ್ಲ. ಆ ಕ್ಲಬ್ಬಿನ ಹೆಸರಿನ ಬಾಲವೇ ಮುಂದೆ 'ಹೌಸ್' ಎಂಬ ಸಂಗೀತದ ಹೆಸರಾಯಿತು.

ಈ ಸಂಗೀತ ಕಟ್ಟಲು ಹೊರಟ, ಕೈಯಲ್ಲಿ ಕಾಸಿಲ್ಲದ ಶಿಕಾಗೋ ಹುಡುಗರಿಗೆ ಸಿಕ್ಕಿದ್ದು ಅಂಗಡಿಯಲ್ಲಿ ಮಾರಾಟವಾಗದೆ ಉಳಿದ ಯಂತ್ರಗಳು. ಜಪಾನಿನ ರೋಲ್ಯಾಂಡ್ ಕಂಪನಿಯ ಟಿಬಿ-303 ಅಂಥದ್ದೊಂದು. ಒಬ್ಬನೇ ಕೂತು ಅಭ್ಯಾಸ ಮಾಡುವ ಗಿಟಾರ್ ವಾದಕನಿಗೆ ಬೇಸ್ ಜೊತೆ ಕೊಡಲಿ ಎಂದು ಮಾಡಿದ ಡಬ್ಬಿ ಅದು. ಬೇಸ್ ಗಿಟಾರ್‌ನಂತೆ ಅದು ಕೇಳಿಸುತ್ತಲೇ ಇರಲಿಲ್ಲ. 1984ರ ಹೊತ್ತಿಗೆ ಕಂಪನಿ ತಯಾರಿಕೆ ನಿಲ್ಲಿಸಿತು. ಡಿಜೆ ಪಿಯರ್ ಮತ್ತು ಗೆಳೆಯರು ಸೆಕೆಂಡ್ ಹ್ಯಾಂಡ್ ಯಂತ್ರವೊಂದನ್ನು ತಂದು, ಅದು ನುಡಿಯುತ್ತಿರುವಾಗಲೇ ತಿರುಗಣೆಗಳನ್ನು ತಿರುಚಿ ನೋಡಿದರು. ಒದ್ದೆ ಬೆರಳಿನಿಂದ ಬಲೂನು ಉಜ್ಜಿದಂಥ ಸದ್ದು ಬಂತು. 1987ರ 'ಆ್ಯಸಿಡ್ ಟ್ರ್ಯಾಕ್ಸ್' ಎಂಬ ರೆಕಾರ್ಡು ಹುಟ್ಟಿದ್ದು ಹೀಗೆ. ಡಿಜೆ ಪಿಯರ್ ಹೆಸರು ಆ ಹಾಜರಿಯಲ್ಲಿದೆ. ಇಲ್ಲೊಂದು ಮಾತು: ಇದಕ್ಕೂ ಐದು ವರ್ಷ ಮೊದಲೇ, 1982ರಲ್ಲಿ, ಮುಂಬೈಯ ಸಿನಿಮಾ ಸಂಗೀತಗಾರ ಚರಣ್‌ಜಿತ್ ಸಿಂಗ್ ಇದೇ ಯಂತ್ರ ಇಟ್ಟುಕೊಂಡು ಡಿಸ್ಕೋ ತಾಳಕ್ಕೆ ಹತ್ತು ರಾಗ ನುಡಿಸಿದ್ದರು. ಆ ರೆಕಾರ್ಡು 2010ರಲ್ಲಿ ಮರುಬಿಡುಗಡೆಯಾದ ಮೇಲಷ್ಟೇ ಲೋಕದ ಕಿವಿಗೆ ಬಿತ್ತು. 1997ರ ಪಟ್ಟಿಯಲ್ಲಿ ಅವರ ಹೆಸರು ಎಲ್ಲಿಂದ ಬರಬೇಕು?

ಇನ್ನು ಪ್ಯಾರಿಸ್. ತೋಮಾ ಮತ್ತು ಗೀ-ಮಾನ್ಯುಯೆಲ್ ಭೇಟಿಯಾದದ್ದು 1987ರಲ್ಲಿ, ಲಿಸೆ ಕಾರ್ನೋ ಶಾಲೆಯಲ್ಲಿ. ಮೊದಲು ಕಟ್ಟಿದ್ದು ಗಿಟಾರ್ ತಂಡ. ಮೂರನೆಯವನು ಲೋರಾಂ ಬ್ರಾಂಕೋವಿಟ್ಜ್. ಅಮೆರಿಕದ ಬೀಚ್ ಬಾಯ್ಸ್ ತಂಡದ ಹಾಡೊಂದರಿಂದ ತೆಗೆದು 'ಡಾರ್ಲಿನ್' ಎಂದು ಹೆಸರಿಟ್ಟುಕೊಂಡರು. ಬ್ರಿಟನ್ನಿನ 'ಮೆಲೋಡಿ ಮೇಕರ್' ಪತ್ರಿಕೆಯ ವಿಮರ್ಶಕ ಅವರ ಹಾಡನ್ನು ಕೇಳಿ 'ಡಾಫ್ಟ್' ಎಂದ. ಪೆದ್ದು ಪಂಕ್ ಗದ್ದಲ ಎಂಬ ಅರ್ಥದಲ್ಲಿ. ತಂಡ ಮುರಿಯಿತು. ಬ್ರಾಂಕೋವಿಟ್ಜ್ ಮುಂದೆ ಫೀನಿಕ್ಸ್ ತಂಡ ಸೇರಿದ. ಉಳಿದಿಬ್ಬರು ಬೈಗುಳವನ್ನೇ ಬೋರ್ಡಾಗಿ ಬರೆಸಿಕೊಂಡರು. ನನಗೆ ಕೇಳಿದರೆ, ಆ ವಿಮರ್ಶಕನ ಹೆಸರನ್ನೂ 'ಟೀಚರ್ಸ್'ನಲ್ಲಿ ಕೂಗಬೇಕಿತ್ತು.

1993ರಲ್ಲಿ ಪ್ಯಾರಿಸ್ ಹೊರವಲಯದ ಯೂರೋ ಡಿಸ್ನಿಯಲ್ಲಿ ನಡೆದ ರೇವ್ ಕೂಟವೊಂದರಲ್ಲಿ ಅವರು ಗ್ಲಾಸ್ಗೋದ ಸೋಮಾ ಎಂಬ ಪುಟ್ಟ ರೆಕಾರ್ಡ್ ಕಂಪನಿಯವರ ಕೈಗೆ ಒಂದು ಟೇಪು ಕೊಟ್ಟರು. ಮರುವರ್ಷ ಮೊದಲ ಸಿಂಗಲ್, ಎಂದರೆ ಬಿಡಿ ಹಾಡಿನ ರೆಕಾರ್ಡು, ಬಂತು. 1995ರಲ್ಲಿ 'ಡಾ ಫಂಕ್' ಬಂತು: ಅಮೆರಿಕದ ಪಶ್ಚಿಮ ಕರಾವಳಿಯ ಹಿಪ್‌ಹಾಪ್‌ನ ನಿಧಾನ ನಡಿಗೆ, ಅದರ ಮೇಲೆ ಶಿಕಾಗೋದ ಅದೇ ಟಿಬಿ-303ರ ಕುಲುಕಾಟ. ಮೊದಲು ಯಾರೂ ತಿರುಗಿ ನೋಡಲಿಲ್ಲ. ಇಂಗ್ಲೆಂಡಿನ ಕೆಮಿಕಲ್ ಬ್ರದರ್ಸ್ ಜೋಡಿ ಅದನ್ನು ತಮ್ಮ ಕಾರ್ಯಕ್ರಮಗಳಲ್ಲಿ ನುಡಿಸತೊಡಗಿದ ಮೇಲೆ ದೊಡ್ಡ ಕಂಪನಿಗಳು ಸಾಲುಗಟ್ಟಿದವು. 1996ರಲ್ಲಿ ವರ್ಜಿನ್ ಕಂಪನಿಯ ಜೊತೆ ಒಪ್ಪಂದವಾಯಿತು.

ಆ ಹೊತ್ತಿಗೆ ಹಾಡುಗಳು ಹೆಚ್ಚುಕಡಿಮೆ ಸಿದ್ಧವಾಗಿದ್ದವು, ಅದೂ ತೋಮಾ ಮಲಗುವ ಕೋಣೆಯಲ್ಲಿ. ಒಂದಷ್ಟು ಡ್ರಮ್ ಮಷೀನು, ಸ್ಯಾಂಪ್ಲರು, ಸಿಂಥಸೈಸರ್, ಒಂದು ಅಗ್ಗದ ಕಂಪ್ರೆಸರ್. ಆಲ್ಬಮ್ ಮಾಡಬೇಕೆಂದೇ ಅವರು ಹೊರಟಿರಲಿಲ್ಲ. ಸಿಂಗಲ್‌ಗಳಿಗೆಂದು ಮಾಡಿದ ಹಾಡು ಜಮೆಯಾಗಿ ಆಲ್ಬಮ್ಮಿನಷ್ಟಾಯಿತು. ಹಾಡುಗಳನ್ನು ಎರಡು ತಟ್ಟೆಗಳ ನಾಲ್ಕು ಮಗ್ಗುಲಿಗೆ ಹೊಂದಿಸಿ ಜೋಡಿಸಿದರು. ಹೆಸರಿನಲ್ಲಿರುವ 'ಹೋಂ' ಎನ್ನುವುದು ಹೀಗೆ ನಿಜವಾದ ಮನೆಯೇ. ಕೊನೆಯ ಮಾಸ್ಟರಿಂಗ್ ಮಾತ್ರ ಲಂಡನ್ನಿನಲ್ಲಿ ನಡೆಯಿತು, ನೀಲೇಶ್ ಪಟೇಲ್ ಎಂಬ ಎಂಜಿನಿಯರ್ ಕೈಯಲ್ಲಿ.

ಆ ಮನೆಯಲ್ಲಿ ಇನ್ನೊಬ್ಬ ಮೇಷ್ಟರಿದ್ದರು, ಹಾಜರಿಯಲ್ಲಿ ಹೆಸರಿಲ್ಲದವರು. ತೋಮಾನ ತಂದೆ ಡೇನಿಯಲ್ ವಾಂಗಾರ್ದ್ ಡಿಸ್ಕೋ ಕಾಲದ ಗೀತಕಾರ ಮತ್ತು ನಿರ್ಮಾಪಕ. ಒಟ್ಟವಾನ್ ಜೋಡಿ ಹಾಡಿದ 'ಡಿ.ಐ.ಎಸ್.ಸಿ.ಓ.' ಅವರು ಮತ್ತು ಜಾನ್ ಕ್ಲೂಗರ್ ಸೇರಿ ಬರೆದದ್ದು. ಅದೇ ಜೋಡಿಗೆ 1980ರಲ್ಲಿ ಬರೆದ 'ತೆ ಓಕೆ' ಎಂಬ ಹಾಡನ್ನು ನೀವು ಕೇಳಿಲ್ಲ ಎನ್ನಬಹುದು, ಕೇಳಿದ್ದೀರಿ. 1982ರಲ್ಲಿ ಬಪ್ಪಿ ಲಹರಿ ಅದರ ಧಾಟಿಯನ್ನು 'ಡಿಸ್ಕೋ ಡ್ಯಾನ್ಸರ್' ಚಿತ್ರಕ್ಕೆ ತಂದು 'ಜಿಮ್ಮಿ ಜಿಮ್ಮಿ ಆಜಾ' ಮಾಡಿದರು. ಮುಂದೆ ಅವರೇ ಕನ್ನಡಕ್ಕೆ ಬಂದು 'ಆಫ್ರಿಕಾದಲ್ಲಿ ಶೀಲಾ'ಗೆ ಸಂಗೀತ ಕೊಟ್ಟರು. ನಮ್ಮೂರ ಗಣೇಶನ ಮೆರವಣಿಗೆಯಲ್ಲಿ ವರ್ಷ ವರ್ಷ ಮೊಳಗಿದ ಧಾಟಿ ಪ್ಯಾರಿಸ್ಸಿನ ಆ ಕುಟುಂಬದ್ದು ಎಂದು ತಿಳಿದ ದಿನ ನನಗೆ ನಗು ತಡೆಯಲಾಗಲಿಲ್ಲ.

ವಾಂಗಾರ್ದ್ ಮಗನಿಗೆ ರಾಗ ಕಲಿಸಲಿಲ್ಲ, ಕರಾರು ಓದುವುದನ್ನು ಕಲಿಸಿದರು. ಕಂಪನಿಗಳು, ರಾಯಲ್ಟಿ ಸಂಸ್ಥೆಗಳು ಹೇಗೆ ನಡೆದುಕೊಳ್ಳುತ್ತವೆ ಎಂದು ಕಂಡವರು ಅವರು. ಹುಡುಗರು ವರ್ಜಿನ್ ಜೊತೆ ಕೂತಾಗ ಮುಂಗಡ ಹಣಕ್ಕಿಂತ ಹತೋಟಿಗೆ ಪಟ್ಟು ಹಿಡಿದರು: ಹಾಡು, ಮುಖಪುಟ, ವಿಡಿಯೋ ಎಲ್ಲ ತಾವು ಹೇಳಿದಂತೆ, ತಮ್ಮ ಮುಖ ಮಾತ್ರ ಎಲ್ಲೂ ಬೇಡ. ಆಲ್ಬಮ್ಮಿನ ಟಿಪ್ಪಣಿಯಲ್ಲಿ ತಂದೆಯ ಸಲಹೆಗೆ ಕೃತಜ್ಞತೆ ಅಚ್ಚಾಗಿದೆ. ಮುಂದೆ ಅವರ ಗುರುತೇ ಆದ ರೋಬೋಟ್ ಶಿರಸ್ತ್ರಾಣ ಬಂದದ್ದು ಆಮೇಲೆ. ಆಗಿನ್ನೂ ಸಿಕ್ಕ ಸಿಕ್ಕ ಮುಖವಾಡ ಹಾಕಿಕೊಳ್ಳುತ್ತಿದ್ದರು.

ಹೊರಗೆ ಆಗ ಗಾಳಿ ಬೇರೆಯಿತ್ತು. 1995ರಲ್ಲಿ ಫ್ರೆಂಚ್ ಸರ್ಕಾರ ರೇವ್ ಕೂಟಗಳು ಅಪಾಯಕಾರಿ ಎಂದು ಸುತ್ತೋಲೆ ಹೊರಡಿಸಿತ್ತು. ಆಲ್ಬಮ್ಮಿನ 'ರೆವಲ್ಯೂಷನ್ 909' ಹಾಡು ಇದಕ್ಕೆ ಕೊಟ್ಟ ಉತ್ತರ: ಕೂಟದ ಗದ್ದಲ, ಸೈರನ್, ಸಂಗೀತ ನಿಲ್ಲಿಸಿ ಮನೆಗೆ ಹೋಗಿ ಎನ್ನುವ ಪೊಲೀಸ್ ದನಿ, ತಕ್ಷಣ ಡ್ರಮ್ಮಿನ ಏಟು. ಅದಕ್ಕೆ ರೋಮನ್ ಕೊಪೊಲಾ ಮಾಡಿದ ವಿಡಿಯೋ ಇನ್ನೂ ಚೆನ್ನ. ಪೊಲೀಸನೊಬ್ಬ ಹುಡುಗಿಯೊಬ್ಬಳನ್ನು ತಡೆದು ನಿಲ್ಲಿಸುತ್ತಾನೆ. ಅವಳ ಕಣ್ಣು ಅವನ ಅಂಗಿಯ ಮೇಲಿನ ಕೆಂಪು ಕಲೆಗೆ ಬೀಳುತ್ತದೆ. ಅಲ್ಲಿಂದ ಕ್ಯಾಮೆರಾ ಟೊಮೆಟೊ ಬೀಜಕ್ಕೆ ಹೋಗಿಬಿಡುತ್ತದೆ: ಗಿಡ, ಕಾಯಿ, ಹಣ್ಣು, ಅಡುಗೆಮನೆ, ಕುದಿಯುವ ಸಾರು, ಡಬ್ಬಿ, ಪೊಲೀಸನ ಊಟ, ಅಂಗಿ. ಅವನು ತಲೆ ಬಗ್ಗಿಸಿ ಕಲೆ ನೋಡಿಕೊಳ್ಳುವಷ್ಟರಲ್ಲಿ ಹುಡುಗಿ ಪರಾರಿ.

'ಅರೌಂಡ್ ದ ವರ್ಲ್ಡ್' ಹಾಡಿನಲ್ಲಿರುವುದು ಮೂರೇ ಪದ. ಆಲ್ಬಮ್ಮಿನ ಆವೃತ್ತಿಯಲ್ಲಿ ಅವು ನೂರ ನಲವತ್ತಕ್ಕೂ ಹೆಚ್ಚು ಬಾರಿ ಬರುತ್ತವೆ. ಆದರೂ ಬೇಸರ ಏಕೆ ಬರುವುದಿಲ್ಲ ಎಂಬುದನ್ನು ಮಿಶೆಲ್ ಗಾಂಡ್ರಿಯ ವಿಡಿಯೋ ಕಣ್ಣಿಗೇ ತೋರಿಸುತ್ತದೆ. ಒಂದೊಂದು ವಾದ್ಯಕ್ಕೆ ಒಂದೊಂದು ನರ್ತಕರ ಗುಂಪು. ಡ್ರಮ್ ಮಷೀನಿಗೆ ಮಮ್ಮಿಗಳು, ಗಿಟಾರಿಗೆ ಅಸ್ಥಿಪಂಜರಗಳು, ಹಾಡುವ ದನಿಗೆ ರೋಬೋಟುಗಳು. ಬೇಸ್ ಸ್ವರ ಏರಿದಾಗ ಎತ್ತರದ ಆಟಗಾರರು ಮೆಟ್ಟಿಲು ಹತ್ತುತ್ತಾರೆ, ಇಳಿದಾಗ ಇಳಿಯುತ್ತಾರೆ. ಇದನ್ನು ನೋಡಿದ ಮೇಲೆ ಹಾಡನ್ನು ಕಣ್ಣು ಮುಚ್ಚಿ ಕೇಳಿದರೂ ಆ ಮೆಟ್ಟಿಲು ಕಾಣುತ್ತದೆ.

ಮತ್ತೆ 'ಟೀಚರ್ಸ್'ಗೆ. ಕೆಲವು ಹೆಸರುಗಳ ಜೊತೆ, ಅವರು 'ಹೌಸ್'ನಲ್ಲಿದ್ದಾರೆ ಎಂಬ ಮಾತೂ ಕೇಳುತ್ತದೆ. ಮನೆ ಎಂದೂ ಆಯಿತು, ಸಂಗೀತ ಎಂದೂ ಆಯಿತು. ಆ ಹೆಸರುಗಳಲ್ಲಿ ರೊಮಾಂತೊನಿ ಮತ್ತು ಟಾಡ್ ಎಡ್ವರ್ಡ್ಸ್ ಎಂಬ ಇಬ್ಬರಿದ್ದಾರೆ, ಇಬ್ಬರೂ ನ್ಯೂಜೆರ್ಸಿಯವರು. ಡಾಫ್ಟ್ ಪಂಕ್ ಎರಡನೆಯ ಆಲ್ಬಮ್ಮಿಗೆ ಕೈ ಹಾಕಿದಾಗ ಇವರಿಬ್ಬರನ್ನೂ ಕರೆಸಿಕೊಂಡಿತು. ಜಗತ್ತೆಲ್ಲ ಗುನುಗಿದ 'ಒನ್ ಮೋರ್ ಟೈಮ್'ನ ದನಿ ರೊಮಾಂತೊನಿಯದು. ಟಾಡ್ ಎಡ್ವರ್ಡ್ಸ್ ಆಗ 'ಫೇಸ್ ಟು ಫೇಸ್' ಹಾಡಿದ. 2013ರಲ್ಲಿ, ಜೋಡಿಯ ಕೊನೆಯ ಸ್ಟುಡಿಯೋ ಆಲ್ಬಮ್ಮಿಗೂ ಬಂದು ಇನ್ನೊಂದು ಹಾಡು ಹಾಡಿ ಹೋದ.