ಕ್ಲಸ್ಟರ್ ನಿಮ್ಮ ಕೆಲಸ ಹಂಚಿಕೊಡುವುದಿಲ್ಲ

‘ಲ್ಯಾಪ್‌ಟಾಪಲ್ಲಿ ಎಂಟು ಗಂಟೆ ಸರ್, ಕ್ಲಸ್ಟರಲ್ಲಿ 64 ಕೋರ್ ಕೊಟ್ರೂ ಎಂಟೇ ಗಂಟೆ!’ ಜಾಲದಲ್ಲಿ ಜೋಡಿಸಿದ ಹಲವು ಕಂಪ್ಯೂಟರುಗಳ (ನೋಡ್‌ಗಳ) ಗುಂಪೇ ಕ್ಲಸ್ಟರ್. ಮೈಸೂರಿನ ಸಂಶೋಧನಾ ವಿದ್ಯಾರ್ಥಿಗಳ ಈ ದೂರಿಗೆ ಸಾಮಾನ್ಯವಾಗಿ ಕಾರಣ ಒಂದೇ. ಪ್ರೋಗ್ರಾಮಿನ ಪ್ರತಿಗಳು ಪರಸ್ಪರ ಸಂದೇಶ ಕಳಿಸಲು ಬಳಸುವ ಎಂಪಿಐನ ಚಾಲನಾ ಕಮಾಂಡ್ ಎಂಪಿಐರನ್‌ಗೆ 64 ಅಂದರೆ ಅದು ನಿಮ್ಮ ಪೈಥಾನ್ ಪ್ರೋಗ್ರಾಮನ್ನು 64 ತುಂಡು ಮಾಡುವುದಿಲ್ಲ. ಅದೇ ಪ್ರೋಗ್ರಾಮಿನ 64 ಪ್ರತಿಗಳನ್ನು ಶುರು ಮಾಡುತ್ತದೆ, ಅಷ್ಟೆ. ಪಾಲು ಹಂಚದಿದ್ದರೆ ಎಲ್ಲವೂ ಅದೇ ಲೆಕ್ಕ ಮಾಡಿ, ಒಂದೇ ಔಟ್‌ಪುಟ್ ಫೈಲಿನ ಮೇಲೆ ಬರೆದು ಕೆಡಿಸುತ್ತವೆ.

ಪಾಲು ಹಂಚುವುದು ರ‍್ಯಾಂಕ್ ನೋಡಿಕೊಂಡು, ಅಂದರೆ ಎಂಪಿಐ ಪ್ರತಿಯೊಂದಕ್ಕೂ ಕೊಡುವ ಕ್ರಮಸಂಖ್ಯೆ: 0ಯಿಂದ 63. ಕೆಆರ್‌ಎಸ್ ಮೇಲ್ಭಾಗದ ಕಾವೇರಿ ಜಲಾನಯನವನ್ನು ನೀರಿನ ಹರಿವಿನ ಲೆಕ್ಕಕ್ಕೆ 10,000 ಸಾಲು, 10,000 ಕಂಬಸಾಲಿನ ಗ್ರಿಡ್ ಮಾಡಿದ್ದೀರಿ ಅನ್ನಿ. ಸಂಖ್ಯೆಗೆ 8 ಬೈಟ್, ಒಟ್ಟು 800 ಎಂಬಿ. 10,000ವನ್ನು 64ರಿಂದ ಭಾಗಿಸಿದರೆ 156, ಉಳಿಕೆ 16. ಆ 16 ಸಾಲನ್ನು ಮರೆಯುವವರೇ ಹೆಚ್ಚು. ಎರರ್ ಕೂಡ ಬರಲ್ಲ, ಉತ್ತರ ಮಾತ್ರ ತಪ್ಪು. ಮೊದಲ 16 ರ‍್ಯಾಂಕಿಗೆ 157, ಉಳಿದವಕ್ಕೆ 156 ಸಾಲು ಕೊಡಿ.

ನೀರು ಪಕ್ಕದ ಪಾಲಿಗೆ ಹರಿಯುತ್ತದಲ್ಲ, ಅದಕ್ಕೆ ಅಂಚಿನ ಒಂದು ಸಾಲು ಕಳಿಸಿದರೆ ಸಾಕು, 80 ಕೆಬಿ. ಲೆಕ್ಕದ ಪ್ರತಿ ಹೆಜ್ಜೆಗೂ ಇಡೀ ಗ್ರಿಡ್ ಕಳಿಸುವವರಿದ್ದಾರೆ! ಗಿಗಾಬಿಟ್ ಈಥರ್‌ನೆಟ್‌ನಲ್ಲಿ ಒಂದು ಪ್ರತಿ ಸಾಗಿಸಲೇ ಸುಮಾರು 7 ಸೆಕೆಂಡ್. ಪೈಥಾನಿನಿಂದ ಎಂಪಿಐ ಬಳಸುವ ಲೈಬ್ರರಿ ಎಂಪಿಐ4ಪೈನಲ್ಲಿ ಸಣ್ಣ ‘ಎಸ್’ನ ಸೆಂಡ್ ಡೇಟಾವನ್ನು ಪಿಕಲ್ ಮಾಡಿ, ಅಂದರೆ ಬೈಟ್‌ಗಳ ಸರಣಿಯಾಗಿ ಬದಲಿಸಿ ಕಳಿಸುತ್ತದೆ, ನಿಧಾನ. ಪೈಥಾನಿನ ಲೆಕ್ಕದ ಲೈಬ್ರರಿ ನಂಪೈನ ಅರೇಗೆ (ಸಂಖ್ಯೆಗಳ ಪಟ್ಟಿಗೆ) ದೊಡ್ಡ ‘ಎಸ್’ನದ್ದೇ ಬಳಸಿ. ಅದರಲ್ಲೂ ಅಕ್ಕಪಕ್ಕದ ರ‍್ಯಾಂಕ್‌ಗಳು ಇಬ್ಬರೂ ಮೊದಲು ಸೆಂಡ್, ಆಮೇಲೆ ರಿಸೀವ್ ಅಂತ ಬರೆದರೆ ಚಿಕ್ಕ ಡೇಟಾದಲ್ಲಿ ಓಡುತ್ತದೆ, ದೊಡ್ಡದಕ್ಕೆ ಇಬ್ಬರೂ ಕಾಯುತ್ತಾ ನಿಂತುಬಿಡುತ್ತಾರೆ. ಸೆಂಡ್‌ರಿಸೀವ್ ಬಳಸಿದರೆ ಈ ತಾಪತ್ರಯವಿಲ್ಲ.

ಇಷ್ಟು ಮಾಡಿಯೂ ಎಲ್ಲ ಪ್ರತಿಗಳೂ ‘ರ‍್ಯಾಂಕ್ 0, ಸೈಜ್ 1’ (ಒಟ್ಟು ಪ್ರತಿ ಒಂದೇ) ಅಂದರೆ, ಬಹುಮಟ್ಟಿಗೆ ಎಂಪಿಐ4ಪೈ ಒಂದು ಎಂಪಿಐ ಇನ್‌ಸ್ಟಾಲೇಶನ್ ಜೊತೆ ಬಿಲ್ಡ್ ಆಗಿದೆ, ಎಂಪಿಐರನ್ ಇನ್ನೊಂದರದ್ದು. ಕ್ಲಸ್ಟರಿನ ಎಂಪಿಐ ಮಾಡ್ಯೂಲ್ ಲೋಡ್ ಮಾಡಿ, ಎಂಪಿಐ4ಪೈಯನ್ನು ಮತ್ತೆ ಬಿಲ್ಡ್ ಮಾಡಿ. ಓಡುತ್ತಿದ್ದರೂ ವಿಪರೀತ ನಿಧಾನವೇ? 16 ಕೋರಿನ ನೋಡ್‌ನಲ್ಲಿ 16 ಪ್ರತಿಗಳೂ ನಂಪೈ ಮೂಲಕ ತಲಾ 16 ಥ್ರೆಡ್ (ಏಕಕಾಲದ ಕೆಲಸದ ಎಳೆ) ತೆರೆದು 256 ಆಗಿರಬಹುದು. ಥ್ರೆಡ್‌ಗಳ ಸಂಖ್ಯೆ ನಿಗದಿ ಮಾಡುವ ಓಎಂಪಿ_ನಮ್_ಥ್ರೆಡ್ಸ್ ಎಂಬ ಸೆಟ್ಟಿಂಗನ್ನು 1ಕ್ಕೆ ಇಳಿಸಿ.

ಇನ್ನು, ನಿಮ್ಮದು ಬೇರೆ ಬೇರೆ ಇನ್‌ಪುಟ್‌ನ 500 ಬಿಡಿ ಲೆಕ್ಕಗಳಾದರೆ ಎಂಪಿಐ ಕಡೆ ತಲೆಯೇ ಹಾಕಬೇಡಿ. ಕ್ಲಸ್ಟರಿನ ಕೆಲಸಗಳ ಸರದಿ ನೋಡಿಕೊಳ್ಳುವ ಸ್ಲರ್ಮ್‌ನ ಜಾಬ್ ಅರೇ ಸಾಕು, ಅದು ಒಂದೇ ಕೆಲಸವನ್ನು ಬೇರೆ ಬೇರೆ ನಂಬರಿನಲ್ಲಿ (ಟಾಸ್ಕ್ ಐಡಿ) ಹಲವು ಸಲ ಓಡಿಸುತ್ತದೆ. ಟಾಸ್ಕ್ ಐಡಿ ಓದಿ ಆ ನಂಬರಿನ ಫೈಲ್ ತೆರೆಯುವುದು ಒಂದೇ ಸಾಲಿನ ಕೋಡು. ಪೈಥಾನಿನದೇ ಮಲ್ಟಿಪ್ರೊಸೆಸಿಂಗ್ ಪೂಲ್ ಮಾತ್ರ ಒಂದು ನೋಡ್ ದಾಟುವುದಿಲ್ಲ, ನಾಲ್ಕು ನೋಡ್ ಕೇಳಿದರೆ ಮೂರು ಸುಮ್ಮನೆ ಕೂತಿರುತ್ತವೆ.