ಕಾಯಿಲೆ ಬಂದಿದೆ ಎಂದು ಹೇಳಿದವರಿಗೆ ಏನಾಯಿತು?

1665ರ ಲಂಡನ್. ಮನೆಯಲ್ಲಿ ಒಬ್ಬರಿಗೆ ಪ್ಲೇಗ್ ತಗುಲಿದೆ ಎಂದು ಗೊತ್ತಾದರೆ ಕದದ ಮೇಲೆ ಕೆಂಪು ಶಿಲುಬೆ ಬರೆದು, ಹೊರಗಿನಿಂದ ಬೀಗ ಜಡಿದು, ಕಾವಲಿಗೆ ಆಳು ಇಡುತ್ತಿದ್ದರು. ರೋಗಿಯ ಜೊತೆ ಗಟ್ಟಿಮುಟ್ಟಾಗಿದ್ದವರೂ ನಲವತ್ತು ದಿನ ಒಳಗೇ ಇರಬೇಕು. ಸತ್ತವರ ಕಾಯಿಲೆ ಯಾವುದೆಂದು ನೋಡಿ ಹೇಳಲು ಬಡ ಮುದುಕಿಯರನ್ನು ನೇಮಿಸಿದ್ದರು. ಅವರು ಹೇಳಿದ್ದೇ ವಾರದ ಮರಣಪಟ್ಟಿಗೆ ಏರುತ್ತಿತ್ತು. ಅವರ ಕೈ ಬೆಚ್ಚಗೆ ಮಾಡಿದರೆ ಪ್ಲೇಗು ಬರೀ ಜ್ವರವಾಗಿಬಿಡುತ್ತಿತ್ತು. ಆ ವರ್ಷದ ಪಟ್ಟಿಗಳಲ್ಲಿ ಪ್ಲೇಗಿನ ಲೆಕ್ಕಕ್ಕೆ ಬಂದ ಸಾವು 68,596. ನಿಜವಾಗಿ ಸತ್ತವರು ಒಂದು ಲಕ್ಷದ ಆಸುಪಾಸು ಎಂಬುದು ಇತಿಹಾಸಕಾರರ ಅಂದಾಜು.

ರೋಗ ಕಣ್ಗಾವಲಿನ, ಅಂದರೆ ಯಾವ ಕಾಯಿಲೆ ಎಲ್ಲಿ, ಎಷ್ಟು ಜನರಿಗೆ ಬಂದಿದೆ ಎಂದು ಗಮನಿಸುತ್ತಿರುವ ಕೆಲಸದ ಚರಿತ್ರೆಯನ್ನು ಲೆಕ್ಕಶಾಸ್ತ್ರದ, ಪ್ರಯೋಗಾಲಯದ, ಈಚೆಗೆ ಕಂಪ್ಯೂಟರಿನ ಕಥೆಯಾಗಿ ಹೇಳುವುದುಂಟು. ನನಗೆ ಕಾಣುವುದು ಬೇರೆ ಕಥೆ. ಕಾಯಿಲೆ ಇದೆ ಎಂದು ಬಾಯಿಬಿಟ್ಟವರನ್ನು ಜಗತ್ತು ಹೇಗೆ ನಡೆಸಿಕೊಂಡಿತು ಎಂಬುದರ ಮೇಲೆಯೇ ಕಣ್ಗಾವಲು ನಿಂತಿದೆ, ಬಿದ್ದಿದೆ.

ಪ್ಲೇಗಿನ ಆ ವರ್ಷಕ್ಕೂ ಮೊದಲೇ ಇಂಥ ಮರಣಪಟ್ಟಿಗಳನ್ನು ಗುಡ್ಡೆಹಾಕಿಕೊಂಡು ಕೂತು ಓದಿದವನು ಜಾನ್ ಗ್ರಾಂಟ್ ಎಂಬ ಬಟ್ಟೆ ವ್ಯಾಪಾರಿ. 1662ರಲ್ಲೇ ಅವನು ಪುಸ್ತಕ ಬರೆದು, ಲೈಂಗಿಕ ರೋಗದಿಂದ ಸತ್ತವರು ಪಟ್ಟಿಯಲ್ಲಿ ಯಾಕೆ ಇಷ್ಟು ಕಡಿಮೆ ಎಂದು ಪ್ರಶ್ನಿಸಿದ. ಉತ್ತರವನ್ನೂ ಅವನೇ ಕೊಟ್ಟ: ಒಂದು ಲೋಟ ಮದ್ಯ, ಸ್ವಲ್ಪ ಹೆಚ್ಚಿನ ಕಾಸು. ಲೆಕ್ಕ ಮಾಡುವುದಕ್ಕಿಂತ ಮೊದಲು ಲೆಕ್ಕವನ್ನು ಅನುಮಾನಿಸಿದ ಅವನ ಬಗ್ಗೆ ನನಗೆ ತುಂಬ ಗೌರವ.

ಮುಂದೆ 1839ರಿಂದ ವಿಲಿಯಂ ಫಾರ್ ಇಂಗ್ಲೆಂಡಿನ ಜನನ ಮರಣ ನೋಂದಣಿ ಕಚೇರಿಯಲ್ಲಿ ಕೂತು ಸಾವಿನ ಕಾರಣಗಳನ್ನು ಒಂದು ಕ್ರಮಕ್ಕೆ ತಂದ. ಆದರೆ ಅವನ ಕೈಗೆ ಬರುತ್ತಿದ್ದದ್ದು ಸತ್ತವರ ಲೆಕ್ಕ. ಬದುಕಿರುವಾಗಲೇ ರೋಗಿಗಳನ್ನು ಎಣಿಸಿ, ತಕ್ಷಣ ಏನಾದರೂ ಮಾಡುವುದು ಬೇರೆ ಮಾತು. ಅದಕ್ಕೆ ರೂಪ ಕೊಟ್ಟವರು 1949ರಲ್ಲಿ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆಯಾದ ಸಿಡಿಸಿ ಸೇರಿದ ಅಲೆಕ್ಸಾಂಡರ್ ಲ್ಯಾಂಗ್‌ಮ್ಯೂರ್. ಅಲ್ಲಿಯವರೆಗೆ ಕಣ್ಗಾವಲು ಎಂದರೆ ಸೋಂಕಿತರ ಸಂಪರ್ಕಕ್ಕೆ ಬಂದ ವ್ಯಕ್ತಿಯ ಮೇಲೆ ಕಣ್ಣಿಡುವುದು. ಲ್ಯಾಂಗ್‌ಮ್ಯೂರ್ ಆ ಕಣ್ಣನ್ನು ವ್ಯಕ್ತಿಯಿಂದ ರೋಗದ ಕಡೆಗೆ ತಿರುಗಿಸಿದರು. 1955ರಲ್ಲಿ ಪೋಲಿಯೊ ಲಸಿಕೆ ಹಾಕಿಸಿಕೊಂಡ ಕೆಲವು ಮಕ್ಕಳಿಗೇ ಪಾರ್ಶ್ವವಾಯು ಬಂದಾಗ, ದಿನದಿನವೂ ವರದಿ ತರಿಸಿಕೊಂಡು ನೋಡಿದ್ದರಿಂದ ತೊಂದರೆ ಮುಖ್ಯವಾಗಿ ಒಂದು ತಯಾರಕರ ಲಸಿಕೆಯದು ಎಂಬುದು ಬೇಗ ಸ್ಪಷ್ಟವಾಯಿತು. ಲಸಿಕೆ ಕಾರ್ಯಕ್ರಮ ಉಳಿಯಿತು.

ಹೇಳಿದವರಿಗೆ ಶಿಕ್ಷೆಯ ಬದಲು ಬಹುಮಾನ ಕೊಟ್ಟರೆ? ಸಿಡುಬಿನ ವಿಷಯದಲ್ಲಿ ಅದೂ ಆಯಿತು. ನೂರಕ್ಕೆ ಎಂಬತ್ತು ಜನರಿಗೆ ಲಸಿಕೆ ಹಾಕಿದರೆ ಸಿಡುಬು ತಾನೇ ಹೋಗುತ್ತದೆ ಎಂದು ಮೊದಲು ನಂಬಿದ್ದರು. 1966ರ ಕೊನೆಗೆ ಪೂರ್ವ ನೈಜೀರಿಯಾದಲ್ಲಿ ಅಮೆರಿಕದ ವೈದ್ಯ ವಿಲಿಯಂ ಫೇಗಿ ಮತ್ತು ಸಂಗಡಿಗರ ಬಳಿ ಎಲ್ಲರಿಗೂ ಸಾಕಾಗುವಷ್ಟು ಲಸಿಕೆ ಇರಲಿಲ್ಲ. ಅಲ್ಲಿನ ಮಿಷನರಿಗಳು ಪರಸ್ಪರ ಮಾತಾಡಲು ಬಳಸುತ್ತಿದ್ದ ರೇಡಿಯೊ ಮೂಲಕ ಯಾವ ಹಳ್ಳಿಯಲ್ಲಿ ಸಿಡುಬಿದೆ ಎಂದು ವಿಚಾರಿಸಿ, ಆ ಹಳ್ಳಿಗಳ ಸುತ್ತ ಮಾತ್ರ ಲಸಿಕೆ ಹಾಕಿದರು. ಸಿಡುಬು ನಿಂತಿತು. ಹುಡುಕು, ಸುತ್ತುಗಟ್ಟು ಎಂಬ ಈ ದಾರಿಯೇ ಮುಂದೆ ಹಲವು ದೇಶಗಳದ್ದಾಯಿತು. ಸಿಡುಬೆದ್ದ ಮಗುವಿನ ಚಿತ್ರವಿರುವ ಕಾರ್ಡು ಹಿಡಿದು ಕಾರ್ಯಕರ್ತರು ಮನೆಮನೆಗೆ, ಸಂತೆಗಳಿಗೆ, ಶಾಲೆಗಳಿಗೆ ಹೋಗಿ 'ಇಂಥದ್ದನ್ನು ನೋಡಿದ್ದೀರಾ?' ಎಂದು ಕೇಳಿದರು. ಸುದ್ದಿ ಕೊಟ್ಟವರಿಗೆ ಹಣ. ಭಾರತದಲ್ಲಿ 1975ರ ಹೊತ್ತಿಗೆ ಅದು 1,000 ರೂಪಾಯಿಗೆ ಏರಿತ್ತು. 1980ರಲ್ಲಿ ವಿಶ್ವ ಆರೋಗ್ಯ ಸಭೆ ಸಿಡುಬು ಅಳಿಯಿತೆಂದು ಘೋಷಿಸಿತು. ಲಸಿಕೆಗೆ ಸಲ್ಲುವ ಕೀರ್ತಿಯಲ್ಲಿ ಒಂದು ಪಾಲು ಆ ಚಿತ್ರ ನೋಡಿ 'ಹೌದು, ಆಚೆ ಮನೆಯಲ್ಲಿ' ಎಂದ ಮಕ್ಕಳಿಗೂ ಸಲ್ಲಬೇಕು.

ಮನುಷ್ಯರ ಮಟ್ಟದಲ್ಲಿ ಕಲಿತ ಈ ಪಾಠವನ್ನು ದೇಶಗಳು ಕಲಿಯಲಿಲ್ಲ. ಯಾವ ರೋಗ ಬಂದರೆ ದೇಶಗಳು ಹೊರಗೆ ತಿಳಿಸಬೇಕು ಎಂದು ಹೇಳುವ 1969ರ ಅಂತರರಾಷ್ಟ್ರೀಯ ಆರೋಗ್ಯ ನಿಯಮಾವಳಿ 1980ರ ದಶಕದಲ್ಲಿ ಮೂರೇ ರೋಗಗಳಿಗೆ ಸೀಮಿತವಾಗಿತ್ತು: ಕಾಲರಾ, ಪ್ಲೇಗ್, ಹಳದಿ ಜ್ವರ. ಅವನ್ನು ವರದಿ ಮಾಡಿದರೂ ಪೆಟ್ಟು ಬೀಳುತ್ತಿತ್ತು. 1991ರಲ್ಲಿ ಕಾಲರಾ ಬಂದಿದೆ ಎಂದ ಪೆರುವಿನ ಮೀನನ್ನು ಹಲವು ದೇಶಗಳು ಕೊಳ್ಳುವುದನ್ನೇ ನಿಲ್ಲಿಸಿದವು. 1994ರಲ್ಲಿ ಸೂರತ್‌ನ ಪ್ಲೇಗ್ ಸುದ್ದಿ ಹರಡಿದಾಗ ಭಾರತಕ್ಕೆ ಬರುವ ವಿಮಾನಗಳನ್ನೇ ಕೆಲವರು ರದ್ದು ಮಾಡಿದರು. ಇದನ್ನೆಲ್ಲ ನೋಡಿದ ಯಾವ ಸರ್ಕಾರ ತಾನಾಗಿ ಬಾಯಿಬಿಟ್ಟೀತು? 2002ರ ನವೆಂಬರ್‌ನಲ್ಲಿ ಚೀನಾದ ಗುವಾಂಗ್‌ಡಾಂಗ್‌ನಲ್ಲಿ ಶುರುವಾದ ಸಾರ್ಸ್ ಸೋಂಕಿನ ಅಧಿಕೃತ ವರದಿ ವಿಶ್ವ ಆರೋಗ್ಯ ಸಂಸ್ಥೆಗೆ ತಲುಪಿದ್ದು ಫೆಬ್ರವರಿಯಲ್ಲಿ.

ಆ ಆಘಾತದಿಂದಲೇ 2005ರ ಹೊಸ ನಿಯಮಾವಳಿ ಬಂತು. ರೋಗದ ಹೆಸರು ಗೊತ್ತಿಲ್ಲದಿದ್ದರೂ ಸರಿ, ಗಡಿ ದಾಟಬಹುದಾದ ಅಪಾಯ ಕಂಡರೆ 24 ಗಂಟೆಯೊಳಗೆ ತಿಳಿಸಬೇಕು. ಸರ್ಕಾರ ಸುಮ್ಮನಿದ್ದರೂ ಬೇರೆ ಮೂಲಗಳ ಸುದ್ದಿಯನ್ನು ವಿಶ್ವ ಆರೋಗ್ಯ ಸಂಸ್ಥೆ ಗಣನೆಗೆ ತೆಗೆದುಕೊಳ್ಳಬಹುದು. ವ್ಯಾಪಾರ, ಸಂಚಾರಕ್ಕೆ ಅನಗತ್ಯ ಅಡ್ಡಿ ಬೇಡ ಎಂದೂ ಅದರಲ್ಲಿ ಬರೆದಿದೆ.

2021ರ ನವೆಂಬರ್ 24ರಂದು ದಕ್ಷಿಣ ಆಫ್ರಿಕಾ ಕೊರೊನಾದ ಹೊಸ ತಳಿಯೊಂದರ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆಗೆ ತಿಳಿಸಿತು. ಮುಂದೆ ಓಮಿಕ್ರಾನ್ ಎಂದು ಹೆಸರಾದದ್ದು ಅದೇ. ನಿಯಮ ಹೇಳಿದಂತೆಯೇ ನಡೆದುಕೊಂಡಿತ್ತು ಆ ದೇಶ. ಎರಡು ಮೂರು ದಿನಗಳೊಳಗೆ ಬ್ರಿಟನ್, ಯುರೋಪಿನ ದೇಶಗಳು, ಅಮೆರಿಕ ಒಂದರ ಹಿಂದೆ ಒಂದರಂತೆ ದಕ್ಷಿಣ ಆಫ್ರಿಕಾದಿಂದ ಬರುವವರಿಗೆ ನಿರ್ಬಂಧ ಹೇರಿದವು. ಹಾಗೆ ನಿರ್ಬಂಧ ಹೇರಿದ ನೆದರ್‌ಲ್ಯಾಂಡ್ಸ್ ತನ್ನಲ್ಲಿದ್ದ ಹಳೆಯ ಮಾದರಿಗಳನ್ನು ತೆಗೆದು ಪರೀಕ್ಷಿಸಿದಾಗ ಅದೇ ತಳಿ ಸಿಕ್ಕಿತು. ಆ ಮಾದರಿಗಳಲ್ಲಿ ಮೊದಲನೆಯದನ್ನು ತೆಗೆದದ್ದು ನವೆಂಬರ್ 19ರಂದು, ದಕ್ಷಿಣ ಆಫ್ರಿಕಾ ಬಾಯಿಬಿಡುವುದಕ್ಕೆ ಐದು ದಿನ ಮೊದಲು.